ಪೀಪಿ ಸರ್ ತಪ್ಪಿಸಿದ ಒಂದು ಸುತ್ತು

ಬೆಳಗಿನ ಐದೂವರೆ. ಹೈಸ್ಕೂಲಿನ ಮೈದಾನದಲ್ಲಿ ಇನ್ನೂ ಮುಖ ಗುರುತು ಹತ್ತುವಷ್ಟು ಬೆಳಕಿಲ್ಲ. ಐವತ್ತು ದಾಟಿದ ಗಂಡಸೊಬ್ಬರು ಪೇಂಟಿನ ಖಾಲಿ ಡಬ್ಬದ ತಳಕ್ಕೆ ಮೊಳೆಯಿಂದ ತೂತು ಹೊಡೆದು, ಒಳಗೆ ಸುಣ್ಣದ ಪುಡಿ ತುಂಬಿ, ಅದನ್ನು ಕುಲುಕುತ್ತ ಹಿಂದೆ ಹಿಂದೆ ನಡೆಯುತ್ತಿದ್ದಾರೆ. ಡಬ್ಬ ಹೋದಲ್ಲೆಲ್ಲ ಬಿಳಿ ಗೆರೆ. ನಲ್ಲಿಯ ಹತ್ತಿರ ನೆಲ ಯಾವಾಗಲೂ ಒದ್ದೆ, ಅಲ್ಲಿ ಗೆರೆ ನಿಲ್ಲುವುದಿಲ್ಲ. ಮಂಡಿಯೂರಿ ಎರಡು ಹಿಡಿ ಮರಳು ಹಾಕಿ, ಅಂಗೈಯಲ್ಲಿ ತಟ್ಟಿ, ಮೇಲೆ ಸುಣ್ಣ ಚೆಲ್ಲುತ್ತಾರೆ. ಏಳುವಾಗ ಬಲಮಂಡಿ ಲಟಕ್ಕೆನ್ನುತ್ತದೆ. "ಇದೊಂದು ಹುಡುಗರಿಗಿಂತ ಮುಂಚೆ ಹಾಜರಿ ಹೇಳತ್ತೆ," ಎಂದು ತಮ್ಮ ಮಂಡಿಯನ್ನೇ ಗದರುತ್ತಾರೆ.

ಶಾಲೆಯ ದಾಖಲೆಯಲ್ಲಿ ಇವರು 'ತಾತ್ಕಾಲಿಕ ಫುಟ್‌ಬಾಲ್ ತರಬೇತುದಾರ'. ಹುಡುಗರ ಬಾಯಲ್ಲಿ ಪೀಪಿ ಸರ್. ಕೊರಳಲ್ಲಿ ಸದಾ ನೇತಾಡುವ ಸೀಟಿಯಿಂದ ಬಂದ ಹೆಸರು. ಅದು ಇವರಿಗೆ ಗೊತ್ತಿಲ್ಲವೆಂದು ಹುಡುಗರು ತಿಳಿದಿದ್ದಾರೆ, ಗೊತ್ತಿಲ್ಲದಂತೆಯೇ ಇವರೂ ನಡೆದುಕೊಳ್ಳುತ್ತಾರೆ. ಆರು ಗಂಟೆಗೆ ಮೂವತ್ತನಾಲ್ಕು ಹುಡುಗರು ಬರುತ್ತಾರೆ. ಚೆಂಡುಗಳು ಒಂಬತ್ತು. ಅದರಲ್ಲಿ ಗಾಳಿ ಹಿಡಿಯುವವು ನಾಲ್ಕು, ಉಳಿದ ಐದಕ್ಕೆ ಎಷ್ಟೇ ಪಂಪು ಹೊಡೆದರೂ ಏಳೂವರೆಯ ಹೊತ್ತಿಗೆ ಮುನಿಸಿಕೊಂಡು ಕೂತುಬಿಡುತ್ತವೆ.

ಹತ್ತು ಗಂಟೆಗೆ ಪೀಪಿ ಸರ್ ಪೇಂಟ್ ಅಂಗಡಿಯಲ್ಲಿರುತ್ತಾರೆ. ಗಿರಾಕಿ ಕೇಳಿದ ಬಣ್ಣವನ್ನು ಬೆರೆಸಿ ಕೊಡುವುದು ಅವರ ಕೆಲಸ. ಸಂಜೆ ನಾಲ್ಕಕ್ಕೆ ಮತ್ತೆ ಮೈದಾನಕ್ಕೆ ಓಡಬೇಕಾದ್ದರಿಂದ ಅಂಗಡಿಯಲ್ಲಿ ಸಿಗುವುದು ಮುಕ್ಕಾಲು ಸಂಬಳ. ಉಗುರಿನ ಸಂದಿಯಲ್ಲಿ ಉಳಿದ ಬಣ್ಣ ನೋಡಿ ಹುಡುಗರು, "ಸರ್, ಇವತ್ತು ಯಾರದೋ ಮನೆಗೆ ನೀಲಿ ಹೊಡೀತಾರೆ," ಎಂದು ತಮಾಷೆ ಮಾಡುತ್ತಾರೆ.

ಹಿಂದೆ ಇವರೊಂದು ಕಾರ್ಖಾನೆಯ ತಂಡದಲ್ಲಿ ಆಡುತ್ತಿದ್ದರು. ಕಾರ್ಖಾನೆಯವರು ತಂಡವನ್ನು ಮುಚ್ಚಿದರು, ಆಟಗಾರರನ್ನೂ ಮನೆಗೆ ಕಳಿಸಿದರು. ಅದೇ ವರ್ಷ ಶಾಲೆಯ ವ್ಯಾಯಾಮ ಶಿಕ್ಷಕರು ನಿವೃತ್ತರಾದರು. ಅಂದಿನ ಮುಖ್ಯೋಪಾಧ್ಯಾಯರು ಕರೆದು, "ಒಂದೆರಡು ವಾರ ಹುಡುಗರನ್ನ ನೋಡ್ಕೊಳ್ಳಿ, ಅಷ್ಟರಲ್ಲಿ ಏನಾದ್ರೂ ಮಾಡ್ತೀವಿ," ಎಂದರು. ಆ ಎರಡು ವಾರಕ್ಕೆ ಈಗ ಇಪ್ಪತ್ತೆರಡು ವರ್ಷ. ಕೊಡುವ ಹಣಕ್ಕೆ ಗೌರವಧನ ಎಂದು ಹೆಸರು, ವರ್ಷಕ್ಕೆ ಎರಡು ಸಲ ಬರುತ್ತದೆ, ಬಂದರೆ. ಒಂದು ಕಂತಿನಲ್ಲಿ ಒಂದು ಜೊತೆ ಒಳ್ಳೆಯ ಬೂಟು ಕೊಂಡರೆ ಲೇಸಿಗೆ ಕೈಯಿಂದ ಹಾಕಬೇಕು.

ಹಾಗೆಂದು ಊರು ಸುಮ್ಮನಿದೆಯೇ? ಇಲ್ಲವೇ ಇಲ್ಲ. ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ತಂಡ ಗೆದ್ದು ತಂದ ಹನ್ನೊಂದು ಕಪ್ಪುಗಳಿವೆ, ಪ್ರತಿ ಕಪ್ಪಿನ ಜೊತೆಗೂ ಊರ ದೊಡ್ಡವರು ಹಲ್ಲು ಕಿರಿದು ನಿಂತ ಫೋಟೊ ಇದೆ. ಫೋಟೊದ ಅಂಚಿನಲ್ಲಿ ಅರ್ಧ ಭುಜ, ಒಂದು ಕಿವಿ ಕಂಡರೆ ಅದು ಪೀಪಿ ಸರ್. ಚಪ್ಪಾಳೆ ಸಿಕ್ಕಿದೆ, ಹೂಗುಚ್ಛ ಸಿಕ್ಕಿದೆ. ಅವರ ಹೆಂಡತಿ ವಾರಕ್ಕೆರಡು ಬಾರಿ ಹದಿನೆಂಟು ಜೆರ್ಸಿ ಒಗೆದು ಹಿತ್ತಿಲ ಹಗ್ಗದ ಮೇಲೆ ಹರವುತ್ತಾರೆ. "ಹೂಗುಚ್ಛ ನೀರಲ್ಲಿ ಇಟ್ರೆ ಮೂರು ದಿನ ಬರತ್ತೆ. ಒಲೆ ಮೇಲಿಟ್ಟು ನೋಡಿಲ್ಲ ಇನ್ನೂ," ಎನ್ನುತ್ತಾರೆ ಆಕೆ, ಕ್ಲಿಪ್ಪು ಸಿಕ್ಕಿಸುತ್ತ.

ಈ ಮೈದಾನದಲ್ಲಿ ಒಂದು ಪದ್ಧತಿ ಇದೆ. ಪಂದ್ಯದ ದಿನ ಬೆಳಗ್ಗೆ ಹನ್ನೊಂದು ಹೆಸರಿನ ಚೀಟಿಯನ್ನು ಪೀಪಿ ಸರ್ ಸ್ಟೋರ್ ರೂಮಿನ ಬಾಗಿಲಿಗೆ ಅಂಟಿಸುತ್ತಾರೆ. ಅಂಟಿಸುವ ಮೊದಲು, ತಂಡದಿಂದ ಬಿಟ್ಟ ಹುಡುಗನನ್ನು ಕರೆದುಕೊಂಡು ಮೈದಾನದ ಗೆರೆಯಗುಂಟ ಪೂರ್ತಿ ಒಂದು ಸುತ್ತು ನಡೆಯುತ್ತಾರೆ. ಯಾಕೆ ಬಿಟ್ಟೆ, ಎಲ್ಲಿ ಕಚ್ಚಾ ಇದ್ದೀಯ, ಯಾವಾಗ ತಗೋತೀನಿ, ಎಲ್ಲ ಆ ಸುತ್ತಿನಲ್ಲೇ. ಬೇರೆ ಯಾರ ಕಿವಿಗೂ ಬೀಳಬಾರದು. ಹುಡುಗರು ಅದನ್ನು 'ಸರ್ ರೌಂಡು' ಎನ್ನುತ್ತಾರೆ. ರೌಂಡಿನಲ್ಲಿ ಅತ್ತವರಿದ್ದಾರೆ, ಜಗಳ ಆಡಿದವರಿದ್ದಾರೆ, ಆದರೆ ಮುಗಿಸಿ ಬಂದವನು ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತದ್ದಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ಸಲ ಪೀಪಿ ಸರ್ ಆ ರೌಂಡು ತಪ್ಪಿಸಿದರು. ಈ ಲೇಖನಕ್ಕೆ ಅವರು ಒಪ್ಪಿದ್ದೇ ಅದನ್ನು ಬರೆಯಬೇಕೆಂಬ ಷರತ್ತಿನ ಮೇಲೆ. "ಹೊಗಳೋದಾದ್ರೆ ಬೇಡ. ಆ ಸೆಮಿಫೈನಲ್ ವಿಷಯ ಬರೆಯೋದಾದ್ರೆ ಕೂತ್ಕೊಳ್ಳಿ," ಎಂದಿದ್ದರು.

ಕಳೆದ ವರ್ಷ ಪೋಷಕರಿಗೆಲ್ಲ ಒಮ್ಮೆಲೇ ಕನಿಕರ ಉಕ್ಕಿತು. ಕೋಚ್‌ಗೆ ತಿಂಗಳು ತಿಂಗಳು ಏನಾದರೂ ಕೊಡೋಣ ಎಂದು ಕೂಟ ಕಟ್ಟಿದರು, ಮೂವತ್ತನಾಲ್ಕು ಮನೆಯವರೂ ಕೈ ಎತ್ತಿದರು. ಮೊದಲ ತಿಂಗಳು ಎಲ್ಲರೂ ಕೊಟ್ಟರು. ಮೂರನೆಯ ತಿಂಗಳಿಗೆ ಹನ್ನೊಂದು ಮನೆ ಉಳಿದವು. ಐದನೆಯ ತಿಂಗಳಿಂದ ಕೊಟ್ಟವರು ಒಬ್ಬರೇ, ಲಾರಿ ಮಾಲೀಕರು. ಎಲ್ಲರ ಪಾಲನ್ನೂ ತಾವೇ ತುಂಬಿ, ಒಂದನೇ ತಾರೀಖು ತಪ್ಪದೆ ಡ್ರೈವರ್ ಕೈಯಲ್ಲಿ ಲಕೋಟೆ ಕಳಿಸಿದರು. ಪೀಪಿ ಸರ್ ಮಗಳು ನರ್ಸಿಂಗ್ ಓದುತ್ತಾಳೆ. ಅವಳ ಹಾಸ್ಟೆಲಿನ ಖರ್ಚು ಆ ಲಕೋಟೆಯಲ್ಲೇ ನಡೆಯತೊಡಗಿತು.

ಲಾರಿ ಮಾಲೀಕರ ಮಗನೂ ತಂಡದಲ್ಲಿದ್ದಾನೆ, ರೈಟ್ ವಿಂಗಿನಲ್ಲಿ ಆಡುತ್ತಾನೆ. ತೆಗೆದುಹಾಕುವಂಥ ಆಟವಲ್ಲ, ಶಿಸ್ತಿನ ಹುಡುಗ. ಆದರೆ ಅದೇ ಜಾಗದಲ್ಲಿ ಟೈಲರಮ್ಮನ ಮಗ ಇದ್ದಾನೆ. ಅವನು ಕಾಲಿಗೆ ಚೆಂಡು ಸಿಕ್ಕಿದರೆ ಗಾಳಿಗೂ ಸಿಗುವುದಿಲ್ಲ. ಇಬ್ಬರನ್ನೂ ನೋಡಿದ ಯಾರಿಗೂ ಅನುಮಾನವಿರಲಿಲ್ಲ, ಪೀಪಿ ಸರ್‌ಗೂ ಇರಲಿಲ್ಲ. ಆದರೂ ಜಿಲ್ಲಾ ಸೆಮಿಫೈನಲ್ಲಿನ ಬೆಳಗ್ಗೆ ಬಾಗಿಲಿಗೆ ಅಂಟಿದ ಚೀಟಿಯಲ್ಲಿ ರೈಟ್ ವಿಂಗಿನ ಏಳನೇ ನಂಬರಿನ ಎದುರಿಗೆ ಲಾರಿ ಮಾಲೀಕರ ಮಗನ ಹೆಸರಿತ್ತು.

"ಅವರು ಬಾಯಿ ಬಿಟ್ಟು ಒಂದು ಮಾತು ಕೇಳಿಲ್ಲ. ಕೇಳಿದ್ದಿದ್ರೆ ಬೈದು ಕಳಿಸ್ತಿದ್ದೆ, ಲಕೋಟೆನೂ ವಾಪಸ್ ಕೊಡ್ತಿದ್ದೆ," ಎನ್ನುತ್ತಾರೆ ಪೀಪಿ ಸರ್. ಮಾತಾಡುವಾಗ ಮುಖ ನೋಡುವುದಿಲ್ಲ, ಉಗುರಿನ ಬಣ್ಣ ಕೆರೆಯುತ್ತಾರೆ. "ಕೋಚ್ ಆದವನಿಗೆ ಕಾರಣ ಹುಟ್ಟಿಸೋದು ಕಷ್ಟ ಅಲ್ಲ. ಎದುರಿನವರ ಡಿಫೆಂಡರ್ ಎತ್ತರ ಇದ್ದಾನೆ, ನಮಗೂ ಎತ್ತರದವನು ಬೇಕು ಅಂದ್ಕೊಂಡೆ. ಇವನು ಒಂದೆರಡು ಬೆರಳು ಎತ್ತರ ಅಷ್ಟೆ. ನನಗೆ ನಾನೇ ಪಾಠ ಒಪ್ಪಿಸಿದೆ, ನಾನೇ ಭೇಷ್ ಅಂದೆ."

ಆದರೆ ಆ ಕಾರಣವನ್ನು ಟೈಲರಮ್ಮನ ಮಗನ ಮುಖ ನೋಡಿ ಹೇಳಲು ನಾಲಿಗೆ ಏಳಲಿಲ್ಲ. ಗೆರೆ ಹಾಕುವುದು ತಡವಾಯಿತು ಎಂದು ನೆಪ ಹೂಡಿ ರೌಂಡು ತಪ್ಪಿಸಿದರು. ಹುಡುಗ ಗೋಲ್ ಕಂಬದ ಹತ್ತಿರ ಕಾದು ನಿಂತಿದ್ದನ್ನು ಕಂಡೂ ಕಾಣದವರಂತೆ ಸುಣ್ಣದ ಡಬ್ಬ ಹಿಡಿದು ಆಚೆ ತುದಿಗೆ ಹೋದರು.

ಪಂದ್ಯ ಗೆದ್ದರು. ಲಾರಿ ಮಾಲೀಕರ ಮಗ ಚೆನ್ನಾಗಿಯೇ ಆಡಿದ. ಯಾರೂ ಬೆರಳು ತೋರಿಸಲಿಲ್ಲ. ಸೋತಿದ್ದರೆ ಬೈಸಿಕೊಂಡಾದರೂ ಹಗುರಾಗುತ್ತಿದ್ದೆ ಎಂದು ಪೀಪಿ ಸರ್‌ಗೆ ಅನ್ನಿಸಿತು. ಗೆದ್ದದ್ದರಿಂದ ಆ ದಾರಿಯೂ ಮುಚ್ಚಿತು. ಅಭಿನಂದಿಸಲು ಕೈ ಕುಲುಕಿದವರ ಕೈಯನ್ನೆಲ್ಲ ಅರ್ಧಕ್ಕೇ ಬಿಡುತ್ತ ಮನೆಗೆ ಬಂದರು.

ಮಾರನೆಯ ದಿನ ಟೈಲರಮ್ಮ ಪೇಂಟ್ ಅಂಗಡಿಗೆ ಬಂದರು. ಹರಿದ ಜೆರ್ಸಿಗಳಿಗೆ ಕಾಸು ಮುಟ್ಟದೆ ಹೊಲಿಗೆ ಹಾಕಿಕೊಡುವವರು ಅವರು. ಜಗಳಕ್ಕೆ ಬಂದಿರಬೇಕೆಂದು ಪೀಪಿ ಸರ್ ಎದ್ದು ನಿಂತರು. ಆಕೆ ದನಿ ತಗ್ಗಿಸಿ, "ಸರ್, ನಮ್ಮ ಹುಡುಗ ಏನೋ ದೊಡ್ಡ ತಪ್ಪು ಮಾಡಿರಬೇಕು. ನೀವು ರೌಂಡಿಗೂ ಕರೀಲಿಲ್ವಂತೆ. ನಿನ್ನೆಯಿಂದ ಸರಿಯಾಗಿ ಊಟ ಮಾಡಿಲ್ಲ ಅವನು. ಏನು ಮಾಡಿದ ಅಂತ ನನಗಾದ್ರೂ ಹೇಳಿ, ನಾನು ತಿದ್ದುತೀನಿ," ಎಂದರು.

"ಹೊಡೆದಿದ್ರೆ ತಡ್ಕೋತಿದ್ದೆ. ಆಯಮ್ಮ ಕ್ಷಮೆ ಕೇಳೋಕೆ ಬಂದಿದ್ರು ರೀ, ನನ್ನ ಹತ್ರ," ಎನ್ನುತ್ತಾರೆ ಪೀಪಿ ಸರ್. "ಅಲ್ಲೇ ನೆಲ ಬಾಯಿ ಬಿಡಬಾರದಾ ಅನ್ನಿಸ್ತು."

ಟೈಲರಮ್ಮನಿಗೆ ಅವರು ಹೇಳಿದ್ದು ಇಷ್ಟೇ: "ಅವನದು ಏನೂ ಇಲ್ಲಮ್ಮ. ತಪ್ಪು ನಂದು. ನಾಳೆ ಬೆಳಗ್ಗೆ ಅವನಿಗೇ ಹೇಳ್ತೀನಿ." ಹೇಳಿದರು ಕೂಡ. ಬಾಕಿಯಾಗಿದ್ದ ಸುತ್ತನ್ನು ಇಬ್ಬರೂ ನಡೆದರು. ಎತ್ತರದ ಕಥೆಯನ್ನು ಎತ್ತಲಿಲ್ಲ, ಲಕೋಟೆಯ ವಿಷಯವನ್ನು ಇದ್ದದ್ದು ಇದ್ದಂತೆ ಹೇಳಿದರು. ಅರ್ಧ ಮೈದಾನ ದಾಟಿದ ಮೇಲೆ ಹುಡುಗ, "ನಾನು ಆಟ ಮರೆತುಬಿಟ್ಟಿದ್ದೀನೇನೋ ಅಂದ್ಕೊಂಡಿದ್ದೆ ಸರ್," ಎಂದ. ಬೈಗುಳವೇನೂ ಅಲ್ಲ. ಆದರೂ ಆ ಮಾತು ಇವತ್ತಿಗೂ ಚುಚ್ಚುತ್ತದೆ ಎನ್ನುತ್ತಾರೆ.

ಆ ತಿಂಗಳ ಲಕೋಟೆ ಬಂದ ದಿನ ಡ್ರೈವರ್ ಜೊತೆಗೇ ಲಾರಿ ಹತ್ತಿ ಗೋದಾಮಿಗೆ ಹೋದರು. ಲಾರಿ ಮಾಲೀಕರಿಗೆ ಮೊದಲು ಅರ್ಥವಾಗಲಿಲ್ಲ, ಅರ್ಥವಾದ ಮೇಲೆ ಮುಖ ಕಪ್ಪಿಟ್ಟಿತು. "ನಾನು ಯಾವತ್ತಾದ್ರೂ ಏನಾದ್ರೂ ಕೇಳಿದ್ನಾ ಸರ್?" ಎಂದರು.

"ನೀವು ಕೇಳಲಿಲ್ಲ. ನಾನೇ ಕೊಟ್ಟೆ," ಎಂದು ಪೀಪಿ ಸರ್ ಲಕೋಟೆಯನ್ನು ಮೇಜಿನ ಮೇಲಿಟ್ಟರು.

ಎಲ್ಲಕ್ಕಿಂತ ಕಷ್ಟದ ರೌಂಡು ಫೈನಲ್ಲಿನ ಬೆಳಗಿನದು. ಆವತ್ತು ಲಾರಿ ಮಾಲೀಕರ ಮಗನನ್ನು ಬಿಟ್ಟಿದ್ದರು. ಮೂಲೆಯ ಬಾವುಟದ ಹತ್ತಿರ ಹುಡುಗ ನಿಂತು ಕೇಳಿದ, "ಸೆಮಿಫೈನಲ್‌ಗೆ ಅಪ್ಪ ದುಡ್ಡು ಕೊಡ್ತಾರೆ ಅಂತ ಹಾಕಿದ್ರಾ ಸರ್?" ಪೀಪಿ ಸರ್ ಹೂಂ ಎಂದರು. "ಆ ಮಗು ಜೀವ ಬಿಟ್ಟು ಆಡಿತ್ತು ಆವತ್ತು. ಇನ್ನು ಅದನ್ನ ನೆನೆಸ್ಕೊಂಡು ಖುಷಿಪಡೋ ಹಾಗಿಲ್ಲ. ಒಬ್ಬನಿಗಲ್ಲ, ಇಬ್ಬರಿಗೆ ಮೋಸ ಮಾಡಿದೀನಿ," ಎನ್ನುತ್ತಾರೆ. ಫೈನಲ್ ಒಂದು ಗೋಲಿನಿಂದ ಸೋತರು. ಈ ಸಲ ಫೋಟೊ ತೆಗೆಸಿಕೊಳ್ಳಲು ಊರ ದೊಡ್ಡವರು ಯಾರೂ ಬರಲಿಲ್ಲ.

ಈಗ ಮನೆಯಲ್ಲಿ ಇಕ್ಕಟ್ಟು. ಲಕೋಟೆ ನಿಂತಿದೆ, ಹಾಸ್ಟೆಲ್ ನಿಂತಿಲ್ಲ. ಪೇಂಟ್ ಅಂಗಡಿಯವರು ಬೆಳಗ್ಗೆಯಿಂದ ಸಂಜೆವರೆಗೆ ಪೂರ್ತಿ ಕೆಲಸ, ಪೂರ್ತಿ ಸಂಬಳ ಎಂದು ಕರೆದಿದ್ದಾರೆ, ತಿಂಗಳ ಕೊನೆಯೊಳಗೆ ಹೇಳಬೇಕು. ಒಪ್ಪಿದರೆ ಮೈದಾನ ಬಿಡಬೇಕು. ಹೆಂಡತಿ ಒತ್ತಾಯ ಮಾಡುವುದಿಲ್ಲ, ಆದರೆ ಸುಮ್ಮನೆಯೂ ಇರುವುದಿಲ್ಲ. "ನೀವು ಸೀಟಿ ಬಿಟ್ರೆ ನನಗೆ ಹದಿನೆಂಟು ಜೆರ್ಸಿ ತಪ್ಪತ್ತೆ. ಆದ್ರೆ ಬೆಳಗಿನ ಜಾವ ಎದ್ದು ಕೂತು ನನ್ನ ತಲೆ ತಿಂತೀರಲ್ಲ, ಅದಕ್ಕೆ ಏನು ಮಾಡ್ಲಿ?" ಎಂದು ಕೇಳುತ್ತಾರೆ.

ಹೋದ ಶನಿವಾರ ಮುಖ್ಯೋಪಾಧ್ಯಾಯಿನಿ ಪೋಷಕರ ಸಭೆ ಕರೆದಿದ್ದರು. ಶಾಲೆಯ ನಿಧಿಯಿಂದಲೇ ಕೋಚ್‌ಗೆ ತಿಂಗಳ ಸಂಬಳ ಗೊತ್ತುಮಾಡಬೇಕೆಂಬುದು ವಿಷಯ. ಬಂದವರು ಇಪ್ಪತ್ತಾರು ಜನ. ಕೆಲವರು ಎದ್ದು ಪೀಪಿ ಸರ್ ತ್ಯಾಗವನ್ನು ಬಾಯಿ ತುಂಬ ಕೊಂಡಾಡಿದರು. ಹೊಗಳಿಕೆ ಕಾವೇರಿದಾಗ ಅವರೇ ಎದ್ದು ನಿಂತು, ಲಕೋಟೆ, ಚೀಟಿ, ತಪ್ಪಿಸಿದ ರೌಂಡು, ಒಂದೂ ಬಿಡದೆ ಎಲ್ಲರ ಎದುರು ಹೇಳಿಬಿಟ್ಟರು. ಇದನ್ನು ಕೇಳಿದ ಮೇಲೆ ಸಂಬಳ ಬೇಡವೆನಿಸಿದರೆ ಹೇಳಿ, ನನಗೆ ಬೇಜಾರಿಲ್ಲ ಎಂದರು. ಕೈ ಎತ್ತಿ ಮಾತು ಕೊಟ್ಟು, ಮೂರು ತಿಂಗಳಲ್ಲಿ ಕೈ ಬಿಟ್ಟವರೆಲ್ಲ ತಮ್ಮ ತಮ್ಮ ಚಪ್ಪಲಿ ನೋಡುತ್ತ ಕೂತಿದ್ದರು. ಕಡೆಗೆ ಲಾರಿ ಮಾಲೀಕರು ಕೂತಲ್ಲಿಂದಲೇ, "ಒಬ್ಬನ ತಲೆ ಮೇಲೆ ಬಿಟ್ಟು ಉಳಿದ ಮೂವತ್ತಮೂರು ಮನೆಯವರು ಆರಾಮಾಗಿದ್ರು ಅಂತ ಬರ್ಕೊಳ್ಳಿ ಮೇಡಂ. ಆ ಒಬ್ಬ ನಾನೇ ಆದ್ರೂ ಹೇಳ್ತೀನಿ, ಅದು ಸರಿ ಇರ್ಲಿಲ್ಲ," ಎಂದರು. ಮುಖ್ಯೋಪಾಧ್ಯಾಯಿನಿ ಬರೆದುಕೊಂಡು ಆಡಳಿತ ಮಂಡಳಿಗೆ ಕಳಿಸಿದ್ದಾರೆ. ಉತ್ತರ ಇನ್ನೂ ಬಂದಿಲ್ಲ. ಪೇಂಟ್ ಅಂಗಡಿಯ ಗಡುವಿಗೆ ಹನ್ನೊಂದು ದಿನ ಉಳಿದಿದೆ.

ಆರು ಗಂಟೆಯಾಗುತ್ತಿದೆ. ಗೇಟಿನ ಹತ್ತಿರ ಸೈಕಲ್ಲುಗಳ ಸದ್ದು, ಹುಡುಗರ ಗಲಾಟೆ. ಮಂಡಳಿಯವರು ಎದುರಿಗೆ ಬಂದು ಎಷ್ಟು ಬೇಕು ಎಂದು ಕೇಳಿದರೆ ಏನು ಹೇಳುತ್ತೀರಿ ಎಂದರೆ, ಪೀಪಿ ಸರ್ ಕೈಗಂಟಿದ ಸುಣ್ಣವನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾರೆ.

"ಎಷ್ಟಾದ್ರೂ ಕೊಡ್ಲಿ, ಕಮ್ಮಿನೇ ಕೊಡ್ಲಿ," ಎನ್ನುತ್ತಾರೆ. "ಯಾರ ಮನೆ ದುಡ್ಡು ಅಂತ ಮಾತ್ರ ನನಗೆ ಗೊತ್ತಾಗಬಾರದು. ಹೆಸರು ಬರೆಯೋವಾಗ ಹುಡುಗರ ಕಾಲು ಕಣ್ಣಿಗೆ ಬರಬೇಕು ರೀ. ಅವರ ಅಪ್ಪಂದಿರ ಮುಖ ಬರಬಾರದು."