ಕೆರೆ ಮುಚ್ಚಿದ ಆವೃತ್ತಿ

ಬೋಂಡದ ಎಣ್ಣೆ ತಾಗಿದ ಕಾಗದಕ್ಕೆ ಒಂದು ಬಗೆಯ ಪಾರದರ್ಶಕತೆ ಪ್ರಾಪ್ತವಾಗುತ್ತದೆಂಬುದನ್ನು ನೀವೂ ಗಮನಿಸಿರಬಹುದು. ಎಷ್ಟು ಆಯೋಗಗಳು ಬಂದರೂ ಕಚೇರಿಯ ಕಡತಗಳಿಗೆ ಒದಗದ ಈ ಸದ್ಗುಣ ನಮ್ಮ ಪುಸ್ತಕದ ಭೂಪಟಕ್ಕೆ ಕೆಲವೇ ಭಾನುವಾರಗಳ ಉಪಾಹಾರದಿಂದ ಒದಗಿಬಿಟ್ಟಿತ್ತು. ಉತ್ತರದ ಪರ್ವತಶ್ರೇಣಿಯ ಮೂಲಕ ಹಿಂಬದಿಯ ಪುಟದ ಜೌಗುಪ್ರದೇಶ ಇಣುಕುತ್ತಿತ್ತು. ಬೆಟ್ಟ ಹತ್ತಲು ಹೊರಟ ನಮ್ಮ ವೀರರು ಒಮ್ಮೆ ನನ್ನ ದೃಷ್ಟಿದೋಷದಿಂದಾಗಿ ಕೆಸರಿಗೆ ಬಿದ್ದು, ಮೇಲೇಳಲು ಅರ್ಧ ದಿನ ತೆಗೆದುಕೊಂಡಿದ್ದರು.

ಯಾವ ಪುಸ್ತಕ, ಎಂಥ ವೀರರು ಎಂಬುದನ್ನು ಮೊದಲು ಹೇಳಿಬಿಡುವುದು ಲೇಸು. ನಾನು ದೇವನಹಳ್ಳಿಯ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವ, ತಲೆಗೂದಲಿನ ಬಹುಭಾಗವನ್ನು ವ್ಯಾಕರಣಕ್ಕೆ ಅರ್ಪಿಸಿರುವ ಮೇಷ್ಟ್ರು. ನಮ್ಮಲ್ಲೇ ಗಣಿತ ಕಲಿಸುವ ಸವಿತಾ ಮೇಡಂ ಕೆಲವು ವರ್ಷಗಳ ಹಿಂದೆ ಒಂದು ಆಟವನ್ನು ಪರಿಚಯಿಸಿದರು. ಮೇಜಿನ ಸುತ್ತ ಕುಳಿತು ಒಬ್ಬರು ಸೂತ್ರಧಾರರಾಗಬೇಕು, ಉಳಿದವರು ಒಂದೊಂದು ಪಾತ್ರ ವಹಿಸಬೇಕು. ಕತ್ತಿ ಬೀಸಿದರೆ ತಗುಲಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖಗಳ ದಾಳವೊಂದು ನಿರ್ಣಯಿಸುತ್ತದೆ. ಈ ಎಲ್ಲ ಪರಾಕ್ರಮ ನಡೆಯುವ ಕಲ್ಪಿತ ನಾಡಿನ ಊರು, ಕೋಟೆ, ದೊರೆ, ದೆವ್ವಗಳ ವಿವರವೆಲ್ಲ ಒಂದು ದಪ್ಪ ಪುಸ್ತಕದಲ್ಲಿರುತ್ತದೆ. ಆ ನಾಡನ್ನು ನಾವು ‘ಒಂಬತ್ತು ಕೋಟೆ’ ಎಂದು ಕರೆಯುತ್ತಿದ್ದೆವು. ಮಾತು ಹೆಚ್ಚು, ಕೈಕೆಲಸ ಕಡಿಮೆ ಎಂಬ ಅರ್ಹತೆಯ ಮೇಲೆ ಸೂತ್ರಧಾರನ ಪದವಿ ನನಗೆ ಬಂತು. ಸವಿತಾ ಮಾಂತ್ರಿಕಳಾದರು. ಮೂರನೆಯವನು ನನ್ನ ಬಾಲ್ಯದ ಗೆಳೆಯ ಮುನಿರಾಜು.

ಆರಡಿ ಎತ್ತರದ ಮುನಿರಾಜು ಆಟದಲ್ಲಿ ಮೂರಡಿಯ ಕುಳ್ಳ ಯೋಧ ಗುಂಡಣ್ಣನಾದ. ಮೊದಮೊದಲು ಗುಂಡಣ್ಣ ಕೊಡಲಿ ಹಿಡಿದು ಚೆನ್ನಾಗಿಯೇ ಕಾದಾಡಿದ. ಬೆಂಕಿಯುಗುಳುವ ಮಹಾಸರ್ಪವೊಂದನ್ನು ಕೊಂದಾಗ ದೊರೆ ಏನು ಬೇಕೆಂದು ಕೇಳಿದ. ಮಾಂತ್ರಿಕಳು ಅದೃಶ್ಯವಾಗುವ ಉಂಗುರ ಬೇಡಿದರೆ, ಗುಂಡಣ್ಣ ತೊರೆಕೆರೆಯೆಂಬ ಊರಿನ ಕೆರೆ ಕೆಳಗಿನ ಜಮೀನು ಬೇಡಿದ. ಅಲ್ಲಿ ದ್ರಾಕ್ಷಿ ಹಾಕಿದ. ಅಂದಿನಿಂದ ನಮ್ಮ ಮಹಾಕಾವ್ಯ ಕೃಷಿ ದರ್ಶನವಾಯಿತು. ಪಾತಾಳದ ದ್ವಾರ ತೆರೆದು ಪಿಶಾಚಿಗಳು ಹೊರಬರುತ್ತಿದ್ದರೂ ಆತನ ಮೊದಲ ಪ್ರಶ್ನೆ, “ತೊರೆಕೆರೇಲಿ ಮಳೆ ಆಯ್ತಾ ಗುರು?” ಪಿಶಾಚಿಗಳು ಕಾಯುತ್ತಿದ್ದವು, ದ್ರಾಕ್ಷಿಯ ಬಳ್ಳಿ ಕತ್ತರಿಸುವ ಹಂಗಾಮು ಕಾಯುವಂಥದಲ್ಲವಲ್ಲ.

ಹೀಗಿರುವಾಗ ಸವಿತಾ ಒಂಬತ್ತು ಕೋಟೆಯ ಹೊಸ ಆವೃತ್ತಿಯನ್ನು ತರಿಸಿದರು. ಆವೃತ್ತಿಗೂ ನಿವೃತ್ತಿಗೂ ಇರುವುದು ಒಂದಕ್ಷರದ ಅಂತರವಷ್ಟೇ. ಎರಡನೆಯದು ಹತ್ತಿರವಾಗುತ್ತಿರುವ ನನಗೆ ಮೊದಲನೆಯದರಲ್ಲಿ ಉತ್ಸಾಹವಿರಲಿಲ್ಲ. ಆದರೂ ಹಳೆಯ ಪುಸ್ತಕದ ಗುಹೆಗಳನ್ನೆಲ್ಲ ಗುಡಿಸಿ ಮುಗಿಸಿದ್ದೆವು. ಕೊಲ್ಲಲು ಒಬ್ಬ ರಾಕ್ಷಸನೂ ಉಳಿದಿರಲಿಲ್ಲ. ಹೊಸದರಲ್ಲಿ ಕಥೆ ನೂರು ವರ್ಷ ಮುಂದಕ್ಕೆ ಜಿಗಿದಿತ್ತು. ಯಾವುದನ್ನು ಆಡುವುದೆಂದು ತೀರ್ಮಾನಿಸಲು ಒಂದು ಭಾನುವಾರ ಬೆಳಿಗ್ಗೆ ನಲ್ಲೂರಿನ ಹುಣಿಸೆ ತೋಪಿಗೆ ಹೋಗಿ, ಮುದಿಮರವೊಂದರ ನೆರಳಲ್ಲಿ ಚಾಪೆ ಹಾಸಿ, ಎರಡೂ ಭೂಪಟಗಳನ್ನು ಅಕ್ಕಪಕ್ಕ ಹರಡಿಕೊಂಡು ಕುಳಿತೆವು.

ಮುನಿರಾಜು ಹೊಸ ಪಟದ ಮೇಲೆ ಬೆರಳಾಡಿಸಿದ. ಬೆರಳು ಒಂದು ಕಡೆ ನಿಂತಿತು.

“ಮೇಡಂ, ತೊರೆಕೆರೆ ಎಲ್ಲಿ?”

ಸವಿತಾ ತುಸು ಅಳುಕಿನಿಂದಲೇ ಹೇಳಿದರು: “ಅದೇ ಮುನಿರಾಜಣ್ಣ, ಕೆರೆ ಮುಚ್ಚಿದಾರೆ. ಈಗ ಅಲ್ಲಿ ಹಾರೋ ಹಡಗುಗಳ ನಿಲ್ದಾಣ ಇದೆ.”

“ಅಲ್ಲಿಗೂ ಬಂದ್ಬಿಟ್ರಾ!” ಮುನಿರಾಜು ಎದ್ದು ನಿಂತ. “ನಾನು ಜಮೀನು ಕೊಡಲ್ಲ! ಯಾರು ಬಂದ್ರೂ ಕೊಡಲ್ಲ. ಹೊಸ ಪುಸ್ತಕ ಆಡೋದಾದ್ರೆ ನೀವಿಬ್ರೇ ಆಡ್ಕೊಳ್ಳಿ, ನಾನು ಇನ್ಮೇಲೆ ಬರಲ್ಲ ಕಣೋ ಮೇಷ್ಟ್ರೇ.”

ತಮಾಷೆಗೆ ಹೇಳಿದ ಮಾತಾಗಿರಲಿಲ್ಲ. ಒಂದೇ ಬೆಂಚಿನಲ್ಲಿ ಕುಳಿತು ಓದಿದ ಗೆಳೆಯ, ಇಲ್ಲದ ಊರಿನ ಇಲ್ಲದ ಕೆರೆಯ ಪಾಲಾಗಿ ಕೈಬಿಟ್ಟುಹೋಗುವನೆಂಬ ಭಯ ನನಗೆ ನಿಜವಾಗಿಯೂ ಹುಟ್ಟಿತು. ಸಮಾಧಾನದ ಮಾತಿಗೆ ಸಮಾಸಗಳನ್ನು ಹುಡುಕುತ್ತಿದ್ದ ನಾನು, ಹಸು ಮೇಯಿಸುತ್ತಿದ್ದ ಹಿರಿಯ ಹೆಂಗಸೊಬ್ಬರು ನಮ್ಮ ಪಟವನ್ನೂ ಮುನಿರಾಜುವಿನ ಮುಖವನ್ನೂ ದಿಟ್ಟಿಸಿ ನೋಡಿ, ಹಸುವನ್ನು ಅಲ್ಲೇ ಬಿಟ್ಟು ಊರ ಕಡೆ ಬಿರಬಿರನೆ ನಡೆದದ್ದನ್ನು ಕಂಡೂ ಅರ್ಥಮಾಡಿಕೊಳ್ಳಲಿಲ್ಲ.

ಸ್ವಲ್ಪ ಹೊತ್ತಿಗೆಲ್ಲ ಅವರು ಮರಳಿ ಬಂದರು. ಅವರ ಹಿಂದೆ ಅರ್ಧ ಊರೇ ಬಂತು.

ಅವರ ಹೆಸರು ಅಕ್ಕಯ್ಯಮ್ಮ, ಹಿಂದೆ ಪಂಚಾಯಿತಿ ಸದಸ್ಯೆಯಾಗಿದ್ದವರು ಎಂದು ಆಮೇಲೆ ತಿಳಿಯಿತು. ಆ ಕ್ಷಣಕ್ಕೆ ತಿಳಿದದ್ದು ಅವರ ಕಂಠದ ಶಕ್ತಿ ಮಾತ್ರ.

“ಯಾವ ಸರ್ವೆ ನಂಬರು? ಅದನ್ನ ಹೇಳಿ ಮೊದ್ಲು!”

“ಅಮ್ಮಾ, ಇದು ಆಟ. ಈ ಊರೇ ಇಲ್ಲ,” ಎಂದೆ.

“ಆಗ್ಲೇ ಊರೇ ಇಲ್ಲ ಅಂತ ಬರ್ಕೊಂಬಿಟ್ರಾ?”

“ನಾನು ಸರ್ವೆಯವನಲ್ಲಮ್ಮ, ಮೇಷ್ಟ್ರು!”

ಹಿಂದಿನಿಂದ ಒಬ್ಬ ತಿರುಗುಬಾಣ ಬಿಟ್ಟ: “ಜನಗಣತಿಗೂ ಮೇಷ್ಟ್ರುಗಳನ್ನೇ ಕಳ್ಸೋದು. ಅವರಿಗೇ ಡ್ಯೂಟಿ ಹಾಕೋದು.”

ಮನೆಮನೆ ಸುತ್ತಿ ಬಾಗಿಲುಗಳನ್ನು ಎಣಿಸಿದ ಪಾಪ ನನ್ನದೂ ಆಗಿತ್ತು. ಅಷ್ಟರಲ್ಲಿ ಮತ್ತೊಬ್ಬ ದಾಳವನ್ನು ಎತ್ತಿಕೊಂಡು ಬೆಳಕಿಗೆ ಹಿಡಿದ.

“ಇದೇನು?”

ಸವಿತಾ ಸತ್ಯವ್ರತೆ. “ಅದನ್ನ ಉರುಳಿಸಿ, ಯಾರಿಗೆ ಏನಾಗುತ್ತೆ ಅಂತ ತೀರ್ಮಾನ ಮಾಡ್ತೀವಿ,” ಎಂದುಬಿಟ್ಟರು.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಷ್ಟೋ ಕಾಲದಿಂದ ಬಗೆಹರಿಯದಿದ್ದ ಅನುಮಾನವೊಂದು ಬಗೆಹರಿದಂತಿತ್ತು. “ನಾನು ಆಗ್ಲೇ ಅಂದ್ಕೊಂಡಿದ್ದೆ, ಹಿಂಗೇ ಏನೋ ಮಾಡ್ತಾರೆ ಅಂತ,” ಎಂದು ಒಬ್ಬಾತ ತಲೆಯಾಡಿಸಿದ.

ಅಕ್ಕಯ್ಯಮ್ಮ ಚಾಪೆಯ ಮೇಲೆ ಕುಳಿತು ಎರಡೂ ಪಟಗಳನ್ನು ಹೋಲಿಸಿ ನೋಡಿದರು. “ಇದ್ರಲ್ಲಿ ಕೆರೆ ಐತೆ. ಇದ್ರಲ್ಲಿ ಇಲ್ಲ. ಮುಚ್ಚಿದೋರು ಯಾರು?”

“ಮಾಂತ್ರಿಕರ ಮಹಾಮಂಡಳಿ,” ಎಂದರು ಸವಿತಾ.

“ಆ ಮಂಡ್ಳಿ ಆಫೀಸು ಎಲ್ಲಿರೋದು?”

“ಮೋಡದ ಮೇಲೆ, ಅಮ್ಮಾ.”

“ಎಲ್ಲಾ ಆಫೀಸೂ ಅಲ್ಲೇ ಇರೋದು,” ಎಂದರು ಅಕ್ಕಯ್ಯಮ್ಮ, ಸಿಟ್ಟಿಲ್ಲದೆ.

ಕೊನೆಗೆ ನಂಬಿಕೆ ಹುಟ್ಟಿಸಿದ್ದು ನನ್ನ ವಾಕ್ಪಟುತ್ವವಲ್ಲ, ಭೂಪಟದ ಅಂಚಿನಲ್ಲಿದ್ದ ಎರಡು ತಲೆಯ ಕಡಲರಾಕ್ಷಸ. ಅಂಥದೊಂದು ನಮ್ಮ ತಾಲ್ಲೂಕಿನ ಯಾವ ಕೆರೆಯಲ್ಲೂ ಇಲ್ಲವೆಂದು ಸರ್ವಾನುಮತದಿಂದ ನಿರ್ಧಾರವಾಗಿ, ಜನ ನಗುತ್ತಾ, ತುಸು ನಿರಾಶರಾಗಿಯೂ, ಚದುರಿದರು. ಅಕ್ಕಯ್ಯಮ್ಮ ಮಾತ್ರ ಏಳಲಿಲ್ಲ. ಗದ್ದಲದುದ್ದಕ್ಕೂ ಮರಕ್ಕೆ ಒರಗಿ ಸುಮ್ಮನೆ ನಿಂತಿದ್ದ ಮುನಿರಾಜುವನ್ನು ನೋಡಿ ಕೇಳಿದರು: “ನಿಂದು ಎಲ್ಲಿತ್ತಪ್ಪಾ?”

“ತೊರೆಕೆರೇಲಿ ದೊಡ್ಡಮ್ಮ. ಕೆರೆ ಕೆಳಗೆ.”

“ಆಟದ್ದಲ್ಲ. ನಿಜವಾದ್ದು.”

ಮುನಿರಾಜು ತಲೆ ತಗ್ಗಿಸಿದ. ವಿಮಾನ ನಿಲ್ದಾಣದ ಕಡೆಯ ರಸ್ತೆಗೆ ಅವರ ತೋಟ ಹೋದದ್ದು ನನಗೆ ಗೊತ್ತಿತ್ತು. ಹೇಗೆ ಹೋಯಿತೆಂದು ನಾನೆಂದೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ.

“ಅಪ್ಪ ಹಾಕಿದ್ ದ್ರಾಕ್ಷಿ ತೋಟ. ಆಫೀಸ್ನೋರು ಬಂದು ಇಲ್ಲಿ ಸೈನ್ ಹಾಕಿ ಅಂದ್ರು, ಹಾಕ್ದೆ. ಬಿಸಿಲಲ್ಲಿ ಬಂದಿದಾರೆ ಅಂತ ಎರಡು ಗೊಂಚಲು ಹಣ್ಣೂ ಕೊಟ್ಟೆ. ಒಂದ್ ಮಾತು ಆಡ್ಲಿಲ್ಲ ದೊಡ್ಡಮ್ಮ. ಚೆನ್ನಾಗೈತೆ ಹಣ್ಣು ಅಂದ್ರು. ಹೂಂ ಸಾರ್ ಅಂದೆ.”

ಸವಿತಾ ತಮ್ಮ ಹೊಸ ಪುಸ್ತಕವನ್ನು ಮೆಲ್ಲನೆ ಮುಚ್ಚಿದರು. ಹಳೆಯದನ್ನೇ ಆಡೋಣ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕಯ್ಯಮ್ಮ ಆ ಪುಸ್ತಕವನ್ನು ಕಿತ್ತುಕೊಂಡು ಮತ್ತೆ ಚಾಪೆಯ ಮೇಲೆ ತೆರೆದಿಟ್ಟರು.

“ಹಂಗಾದ್ರೆ ಇದನ್ನೇ ಆಡು. ಹಳೇದ್ರಲ್ಲಿ ನಿನ್ ಜಮೀನು ಕೊಡು ಅಂತ ಯಾರೂ ಕೇಳೇ ಇಲ್ವಲ್ಲಪ್ಪಾ. ಕೇಳಿದ್ರೆ ತಾನೇ ಕೊಡಲ್ಲ ಅನ್ನೋಕಾಗೋದು?”

ಮುನಿರಾಜು ಚಪ್ಪಲಿ ಕಳಚಿ ಚಾಪೆಗೆ ಬಂದು, “ನಾನು ಗುಂಡಣ್ಣನ ಮರಿಮಗ,” ಎಂದ. “ಕೆರೆ ಇನ್ನೂ ಮುಚ್ಚಿಲ್ಲ. ಆ ವರ್ಷದಿಂದ ಶುರು ಮಾಡು.”

ಸೂತ್ರಧಾರನಾದ ನಾನು ಮಹಾಮಂಡಳಿಯ ಅಧಿಕಾರಿಯಾಗಿ, “ಮಾನ್ಯರೇ, ಸಾರ್ವಜನಿಕ ಹಿತದೃಷ್ಟಿಯಿಂದ ತಮ್ಮ ಭೂಮಿಯನ್ನು...” ಎಂದು ಆರಂಭಿಸಿದೆ.

“ಯಾವ ಆಫೀಸರು ಹಂಗ್ ಮಾತಾಡ್ತಾನೆ? ಸರ್ಕೊಳ್ಳಿ ಮೇಷ್ಟ್ರೇ,” ಎಂದು ಅಕ್ಕಯ್ಯಮ್ಮ ನನ್ನ ಜಾಗಕ್ಕೆ ಬಂದರು. ಸೆರಗು ಸರಿಪಡಿಸಿಕೊಂಡು, ನನ್ನ ಕನ್ನಡಕವನ್ನು ಕೇಳಿ ಪಡೆದು ಮೂಗಿನ ತುದಿಗೆ ಏರಿಸಿ, ಎದುರು ಕುಳಿತವನನ್ನು ನೋಡದೆ ಮರದ ತುದಿಯನ್ನು ನೋಡುತ್ತಾ ಹೇಳಿದರು: “ಏನು?”

ಆ ಒಂದು ಪದದಲ್ಲಿ ಇಡೀ ಮಹಾಮಂಡಳಿ ಬಂದು ಕೂತಿತು. ಮುನಿರಾಜು ಅರಿವಿಲ್ಲದೆ ಕೈಕಟ್ಟಿದ್ದವನು, ನಿಧಾನವಾಗಿ ಕೈ ಬಿಡಿಸಿಕೊಂಡ.

“ಜಮೀನು ಕೊಡಲ್ಲ,” ಎಂದು ದಾಳ ಉರುಳಿಸಿದ. ಇಪ್ಪತ್ತು ಬಿತ್ತು. ಆಟದ ನಿಯಮದಂತೆ ಅದಕ್ಕಿಂತ ದೊಡ್ಡ ಗೆಲುವಿಲ್ಲ. ಸವಿತಾ ಚಪ್ಪಾಳೆ ತಟ್ಟಿದರು. ಅಕ್ಕಯ್ಯಮ್ಮ ದಾಳವನ್ನು ಕನ್ನಡಕದ ಮೇಲಿನಿಂದ ನೋಡಿ, ಬೆರಳ ತುದಿಯಿಂದ ಪಕ್ಕಕ್ಕೆ ಸರಿಸಿದರು.

“ಸಾಹೇಬ್ರು ಮೀಟಿಂಗಲ್ಲಿದಾರೆ. ನಾಳೆ ಬಾ.”

ಮುನಿರಾಜು ಚಕ್ಕಳಮಕ್ಕಳ ಹಾಕಿ, ಬೆನ್ನು ನೆಟ್ಟಗೆ ಮಾಡಿಕೊಂಡ. “ನಾಳೆ ತಂಕ ಇಲ್ಲೇ ಕೂತಿರ್ತೀನಿ ಸಾರ್,” ಎಂದ.

ಅಧಿಕಾರಿಣಿ ಕನ್ನಡಕ ತೆಗೆದು ನನ್ನ ಕಡೆ ತಿರುಗಿದರು. “ಈಗೇನ್ ಮಾಡೋದು ಮೇಷ್ಟ್ರೇ? ನಿಮ್ ಪುಸ್ತಕದಲ್ಲಿ ಏನೈತೆ ನೋಡಿ.”

ನಾನು ಎರಡೂ ಆವೃತ್ತಿಗಳನ್ನು ಮೊದಲಿನಿಂದ ಕೊನೆಯವರೆಗೆ ತಿರುವಿ ಹಾಕಿದೆ. ಕೂತೇಬಿಟ್ಟವನನ್ನು ಎಬ್ಬಿಸುವ ನಿಯಮ ಯಾವುದರಲ್ಲೂ ಇರಲಿಲ್ಲ.