ಬಿಸುವಿನ ವೀಳ್ಯ

ಮೋನಪ್ಪನಿಗೆ ಎರಡು ವಿದ್ಯೆ ಗೊತ್ತಿದ್ದವು. ಒಂದು ಹೊಟ್ಟೆಪಾಡಿನದು, ಕಟ್ಟಡಗಳ ನಕ್ಷೆ ಬರೆಯುವುದು. ಇನ್ನೊಂದು ಅಪ್ಪನಿಂದ ಬಂದ ಜಗಳ ಬಿಡಿಸುವ ಚಟ. ಕಾರ್ಕಳದ ಹತ್ತಿರ ಅವನಪ್ಪ ಊರ ಗುರಿಕಾರ, ಅಂದರೆ ಮುಖ್ಯಸ್ಥ. ಕಾದಾಡಿದವರ ಮುಂದೆ ವೀಳ್ಯದ ಹರಿವಾಣ ಹಿಡಿದರೆ ಮುಗಿಯಿತು. ಎಲೆ ಎತ್ತಿಕೊಂಡವನು ಮತ್ತೆ ಕಾಲು ಕೆರೆಯುವಂತಿರಲಿಲ್ಲ.

ಕೊಲಂಬಿಯಾ ಎಂಬ ಹತ್ತಿರದ ಊರಿನಿಂದ ವಾಷಿಂಗ್ಟನ್ನಿನ ಆಫೀಸಿಗೆ ಮೋನಪ್ಪನ ಕಾರಿನಲ್ಲಿ ಮೂವರು ಹೋಗುತ್ತಿದ್ದರು. ಮುಂದಿನ ಸೀಟಿನಲ್ಲಿ ಸಿಂಹಳೀಯ ಗುಣತಿಲಕ, ಹಿಂದೆ ಜಾಫ್ನಾದ ತಮಿಳ ಶಿವನೇಶನ್. ಇಬ್ಬರೂ ಶ್ರೀಲಂಕಾದವರೇ. ಮೂರು ವರ್ಷದಲ್ಲಿ ಒಬ್ಬರೊಡನೊಬ್ಬರು ತುಟಿ ಬಿಚ್ಚಿದವರಲ್ಲ. "ಕಿಟಕಿ ಏರಿಸೋಕೆ ಹೇಳಿ" ಎಂದು ಹಿಂದಿನವನು ಮೋನಪ್ಪನಿಗೆ ಹೇಳಬೇಕು, ಮೋನಪ್ಪ ಪಕ್ಕದವನಿಗೆ ಹೇಳಬೇಕು. ಇಬ್ಬರ ಕಿವಿಗಳೂ ನೆಟ್ಟಗೇ ಇದ್ದವು ಎನ್ನುವುದು ಬೇರೆ ಮಾತು.

1995ರ ಜನವರಿಯಲ್ಲಿ ಶ್ರೀಲಂಕಾದಲ್ಲಿ ಸರ್ಕಾರಕ್ಕೂ ತಮಿಳು ಬಂಡುಕೋರರಿಗೂ ನಡೆದಿದ್ದ ಯುದ್ಧ ನಿಂತು ಮಾತುಕತೆ ಶುರುವಾಯಿತು. ಏಪ್ರಿಲಿನಲ್ಲಿ ಬಿಸು ಬಂತು. ತುಳುನಾಡಿಗೂ ಸಿಂಹಳರಿಗೂ ತಮಿಳರಿಗೂ ಅದೇ ಹೊಸ ವರ್ಷ. ಇದಕ್ಕಿಂತ ಒಳ್ಳೆಯ ಮುಹೂರ್ತ ಬೇಕೇ? ಮೋನಪ್ಪ ಇಬ್ಬರನ್ನೂ ಊಟಕ್ಕೆ ಕರೆದ.

"ಊರ ಉಸಾಬರಿ ನಿಮಗೆ ಯಾಕೆ ಮಾರಾಯ್ರೆ" ಎಂದಳು ಹೆಂಡತಿ ಸರೋಜಿನಿ. ಎನ್ನುತ್ತಲೇ ಪಾಯಸಕ್ಕೆ ಇಟ್ಟಳು.

ಉಂಡ ಮೇಲೆ ಮೋನಪ್ಪ ಹರಿವಾಣ ಹಿಡಿದ. ಬಾಯಿಬಿಟ್ಟು ಏನೂ ಹೇಳಲಿಲ್ಲ. ಅವನ ಊರಿನಲ್ಲಿ ಹೇಳಬೇಕಾಗಿಯೇ ಇರಲಿಲ್ಲ. ಗುಣತಿಲಕ ಎಲೆ ತೆಗೆದುಕೊಂಡ. ಶಿವನೇಶನ್ ಕೂಡ ತೆಗೆದುಕೊಂಡ. ಮೋನಪ್ಪನ ಕಣ್ಣು ತುಂಬಿ ಬಂತು. ಅಪ್ಪ ಇದನ್ನು ನೋಡಬೇಕಿತ್ತು ಅನ್ನಿಸಿತು.

ಐದೇ ದಿನಕ್ಕೆ ಕದನವಿರಾಮ ಮುರಿಯಿತು. ಬಂಡುಕೋರರು ಮುಳುಗಿಸಿದ ನೌಕಾಪಡೆಯ ಹಡಗಿನಲ್ಲಿ ಗುಣತಿಲಕನ ಅಕ್ಕನ ಮಗನಿದ್ದ. ಮಾರನೆಯ ಬೆಳಿಗ್ಗೆ ಗುಣತಿಲಕ ತನ್ನ ಮನೆ ಬಾಗಿಲಲ್ಲೇ ನಿಂತು, "ಅವನಿರೋ ಕಾರು ಹತ್ತಲ್ಲ" ಎಂದ.

"ವೀಳ್ಯ ತಗೊಂಡಿದ್ರಲ್ಲ?"

"ಊಟ ಹಾಕಿದ್ರಿ, ಎಲೆ ಕೊಟ್ರಿ. ಮರ್ಯಾದೆಗೆ ತಗೊಂಡೆ. ಅದ್ರಲ್ಲಿ ಬೇರೆ ಏನಿತ್ತು?"

ಮೋನಪ್ಪ ಕಾರಿಗೆ ಬಂದು ಶಿವನೇಶನ್‌ನನ್ನೂ ಕೇಳಿದ. ಅವನೂ ಮರ್ಯಾದೆಗೇ ತೆಗೆದುಕೊಂಡಿದ್ದ. ಆ ಒಂದು ವಿಷಯದಲ್ಲಿ ಇಬ್ಬರಿಗೂ ಒಮ್ಮತವಿತ್ತು.

ಶಿವನೇಶನ್ ಬೇಸಿಗೆಯಿಡೀ ಹಿಂದೆಯೇ ಕೂತ. ಮುಂದಿನ ಸೀಟು ಖಾಲಿಯಿದ್ದರೂ ಬರಲಿಲ್ಲ. ಅಕ್ಟೋಬರಿನಲ್ಲಿ ಸೈನ್ಯ ಜಾಫ್ನಾದತ್ತ ನುಗ್ಗಿತು. ಅವನ ತಾಯಿ ಊರು ಬಿಟ್ಟ ಜನದೊಂದಿಗೆ ನಡೆದು ಹೊರಟವಳು ಎಲ್ಲಿ ಸೇರಿದಳೋ ಸುದ್ದಿಯಿಲ್ಲ. ಅವನು ಕೆಲಸ ಬಿಟ್ಟು ತಮ್ಮನ ಬಳಿ ಕೆನಡಾಕ್ಕೆ ಹೋದ.

ಗುಣತಿಲಕ ಮತ್ತೆ ಕಾರು ಹತ್ತಲಿಲ್ಲ. ಈಗ ಮೋನಪ್ಪ ಒಬ್ಬನೇ ಹೋಗುತ್ತಾನೆ. ಅಪ್ಪನ ವಿದ್ಯೆ ಅಪ್ಪನ ಊರಿಗಷ್ಟೇ ಎಂದು ಗೊತ್ತಾದ ಸಂಕಟ ಇನ್ನೂ ಆರಿಲ್ಲ. ಮೊನ್ನೆ ಚಳಿಗಾಳಿ ಬೀಸಿದಾಗ ಕಿಟಕಿ ಏರಿಸಿದ. ಯಾರೂ ಹೇಳಿರಲಿಲ್ಲ.