ಎರಡು ಬಡಿತದವರೆಗೆ

ಹಾಲವ್ವನನ್ನು ನಾನು ಮೊದಲು ಕಂಡದ್ದು ನಮ್ಮದೇ ಟೆಂಪೊದ ಡ್ರೈವರ್ ಸೀಟಿನಲ್ಲಿ. ಹಿರೇಕೆರೂರಿನ ರಸ್ತೆ ಬದಿಯ ತಗಡಿನ ಶೆಡ್ಡು, ಬೆಳಗಿನ ಬಿಸಿಲು. ಚಪ್ಪಲಿ ಕೆಳಗೆ ಬಿಟ್ಟು, ಸೆರಗನ್ನು ಸೊಂಟಕ್ಕೆ ಬಿಗಿದು, ಬರಿಗಾಲನ್ನು ಬ್ರೇಕ್ ಪೆಡಲ್ ಮೇಲಿಟ್ಟು ಕಣ್ಣು ಮುಚ್ಚಿ ಕುಳಿತಿದ್ದರು. ಗಾಡಿ ಓಡಿಸಲು ಅವರಿಗೆ ಬರುತ್ತಿರಲಿಲ್ಲ.

ಹಿಂದಿನ ಚಕ್ರದಲ್ಲಿ ಬ್ರೇಕ್ ಎಣ್ಣೆ ಸೋರುತ್ತಿತ್ತೆಂದು ಗಾಡಿ ತಂದಿದ್ದೆ. ಅದನ್ನು ಸರಿಪಡಿಸಿದ ಮೆಕ್ಯಾನಿಕ್ ಅನೀಸ, ಈಗ ಕೆಳಗೆ ಮಲಗಿ ಪೈಪಿನೊಳಗಿನ ಗಾಳಿ ತೆಗೆಯುತ್ತಿದ್ದ. ಎಣ್ಣೆ ಕುಗ್ಗುವುದಿಲ್ಲ, ಅದಕ್ಕೇ ಕಾಲಿನ ಒತ್ತಡ ಪೈಪಿನುದ್ದಕ್ಕೂ ಸಾಗಿ ಚಕ್ರಗಳನ್ನು ಹಿಡಿಯುತ್ತದೆ. ನಡುವೆ ಗಾಳಿ ಸೇರಿದರೆ ಒತ್ತಡವೆಲ್ಲ ಅದನ್ನು ಹಿಂಡುವುದರಲ್ಲೇ ಮುಗಿದುಹೋಗುತ್ತದೆ. ಹಾಗಾಗಿ ಒಬ್ಬರು ಮೇಲೆ ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಬಳಿಯ ತಿರುಪು ಸಡಿಲಿಸಿ, ಗಾಳಿ ಬಿಟ್ಟು, ಮತ್ತೆ ಬಿಗಿಯಬೇಕು. ಅಷ್ಟರೊಳಗೆ ಕಾಲೆತ್ತಿದರೆ ಗಾಳಿ ಮತ್ತೆ ಒಳಗೆ ಸೇರುತ್ತದೆ.

ಪಕ್ಕದ ಹಿಟ್ಟಿನ ಗಿರಣಿಯ ಸದ್ದಿನಲ್ಲಿ ಕೂಗು ಕೇಳದೆಂದು ಹಾಲವ್ವನ ಗಂಡ, ಮೊದಲು ಇದೇ ಶೆಡ್ಡಿನ ಮೆಕ್ಯಾನಿಕ್ಕಾಗಿದ್ದ ಕರಬಸಪ್ಪ, ತಿರುಪು ಬಿಚ್ಚುವ ಪಾನಾದಿಂದ ಗಾಡಿಯ ಅಡಿಗೆ ಬಡಿಯುತ್ತಿದ್ದರಂತೆ. ಒಂದು ಬಡಿದರೆ ಒತ್ತು, ಎರಡು ಬಡಿದರೆ ಬಿಡು. ಅವರು ತೀರಿಕೊಂಡ ಮೇಲೆ ಆ ಪಾನಾವನ್ನೂ ಆ ರೂಢಿಯನ್ನೂ ಅನೀಸ ಉಳಿಸಿಕೊಂಡಿದ್ದ.

ಕೆಲಸ ಮುಗಿಯಿತು. ಅನೀಸ ಹೊರಬಂದು ಡ್ರಮ್ಮಿನ ಬಳಿ ಕೈ ತೊಳೆಯತೊಡಗಿದ. ನಮ್ಮ ಟೆಂಪೊದಲ್ಲಿ ಮಾಸೂರಿಗೆ ಕಳೆ ತೆಗೆಯಲು ಹೊರಟ ಹೆಂಗಸರು ನಮ್ಮವ್ವ ವೀರವ್ವನ ಜೊತೆ ನೆರಳಲ್ಲಿ ಕಾದಿದ್ದರು. ಕರೆಂಟು ಹೋಗಿ ಗಿರಣಿ ನಿಂತಿತು.

ಗಾಡಿಯ ಅಡಿಯಿಂದ ಟಣ್ ಎಂದು ಒಂದು ಬಡಿತ ಕೇಳಿತು.

ಹಾಲವ್ವ ಪೆಡಲ್ ಒತ್ತಿದರು. ನಾನು ಬಗ್ಗಿ ನೋಡಿದೆ. ಗೋಣಿಚೀಲ, ಅದರ ಮೇಲೆ ಪಾನಾ. ಯಾರೂ ಇರಲಿಲ್ಲ.

"ವೈನಿ, ನಾ ಇಲ್ಲೇ ಅದೇನಿ. ಇಳೀರಿ ಇನ್ನ," ಎಂದ ಅನೀಸ, ಅತ್ತಿಗೆಯನ್ನು ಕರೆಯುವಂತೆ.

"ಒಂದ ಬಡದೈತಿ. ಎರಡು ಬಡೀಲಿ, ಬಿಡ್ತೇನಿ."

"ಬಿಸಲಿಗೆ ತಗಡು ಸಿಡದಿರಬೇಕ್ರಿ."

"ತಗಡು ಮ್ಯಾಲೈತಿ. ಸಪ್ಪಳ ಕೆಳಗ ಬಂತು."

ಅವ್ವ ಕೂಗಿದಳು: "ಯವ್ವಾ, ಇಳ್ಯಾಕ ಮುಹೂರ್ತ ನೋಡಾಕತ್ತೀಯೇನು? ನಮ್ಮ ಸಲುವಾಗಿ ಕಳಿ ಬೆಳೀದ ನಿಂತಿರತೈತೇನು?"

ಹೆಂಗಸರು ನಕ್ಕರು. ಹಾಲವ್ವ ನಗಲಿಲ್ಲ, ಕಾಲೂ ತೆಗೆಯಲಿಲ್ಲ. ಸ್ವಲ್ಪ ಹೊತ್ತಿಗೆ ಬಗ್ಗಿ ತಮ್ಮ ಕಾಲನ್ನು ನೋಡಿದರು.

"ಅನೀಸಾ, ಕಾಲು ಇಳ್ಯಾಕತ್ತೈತಿ. ನಾ ಹೆಚ್ಚಿಗೆ ಒತ್ತಿಲ್ಲ. ಯಾರೋ ಕೆಳಗಿಂದ ಜಗ್ಗಿದಂಗ ಆಗಾಕತ್ತೈತಿ."

ಗಟ್ಟಿಯಾಗಿದ್ದ ಪೆಡಲ್ ಅವರ ಪಾದದೊಂದಿಗೆ ಮೆಲ್ಲಗೆ ಇಳಿದು ನೆಲ ಮುಟ್ಟಿತು. ಅನೀಸ ಬ್ಯಾಟರಿ ಹಿಡಿದು ನಾಲ್ಕೂ ಚಕ್ರ ನೋಡಿದ.

"ಹೊರಗ ಒಂದ ಹನಿ ಇಲ್ರಿ ವೈನಿ."

"ಹಂಗಾರ ಒಳಗ ಕುಡ್ಯಾಕತ್ತೈತಿ."

ಪೆಡಲಿನ ಹಿಂದಿನ ಮಾಸ್ಟರ್ ಸಿಲಿಂಡರ್ ಬಿಚ್ಚಿದಾಗ ಒಳಗಿನ ರಬ್ಬರಿನ ಅಂಚು ಹರಿದಿತ್ತು. ಚಟ್ಟನೆ ಒತ್ತಿ ಬಿಟ್ಟರೆ ಅದು ಎಣ್ಣೆಯನ್ನು ತಡೆಯುತ್ತಿತ್ತು. ಒತ್ತಿ ಹಿಡಿದರೆ ಎಣ್ಣೆ ಒಳಗೊಳಗೇ ಹಿಂದಕ್ಕೆ ಜಾರುತ್ತಿತ್ತು. ಗಾಳಿ ತೆಗೆಯುವಾಗ ಪೆಡಲ್ ಹೇಗೂ ಇಳಿಯುವುದರಿಂದ ಅದು ಗೊತ್ತಾಗಿರಲಿಲ್ಲ. ಮಾಸೂರಿನ ದಾರಿಯ ಮದಗದ ಕೆರೆಯ ಇಳಿಜಾರಿನಲ್ಲಿ ಮಾತ್ರ ಒತ್ತಿಯೇ ಹಿಡಿಯಬೇಕು; ಅಲ್ಲಿ ಬ್ರೇಕ್ ಕೈಕೊಡುತ್ತಿತ್ತು.

ಎರಡು ಬಡಿತ ಬರಲೇ ಇಲ್ಲ. ಇಳಿಯುವಾಗ ಹಾಲವ್ವ ನನಗೊಬ್ಬನಿಗೇ ಕೇಳುವಂತೆ, "ಅನೀಸನ ಕೈ ನನಗ ಗುರತೈತಿ. ನಮ್ಮನಿಯವರ ಕೈನೂ ಗುರತೈತಿ," ಎಂದರು.

ಈಗಲೂ ಅವರು ಅದೇ ಶೆಡ್ಡಿನಲ್ಲಿ ಗಾಡಿಗಳ ಬ್ರೇಕ್ ಪೆಡಲ್ ಒತ್ತಿ ಹಿಡಿಯುವ ಕೆಲಸ ಮಾಡುತ್ತಾರೆ.